ಹಿತ್ತಲಲ್ಲಿ ಜವಾರಿ ಕುಂಬಳ: ಬೀಜ ಊರುವುದರಿಂದ ಗಾರಿಗೆ ಕರಿಯುವವರೆಗೆ

ಮಿರಗದ (ಮೃಗಶಿರ) ಮಳೆ ಬಿದ್ದ ಮೇಲೆ ನನ್ನನ್ನು ಕೇಳುವವರ ಪ್ರಶ್ನೆಗಳಲ್ಲಿ ಅರ್ಧ ಕುಂಬಳದ ಬಳ್ಳಿಯವೇ. "ಬಳ್ಳಿ ತುಂಬ ಹೂವು ಬಿಟ್ಟಿದೆ, ಒಂದೂ ಕಾಯಿ ನಿಲ್ಲುತ್ತಿಲ್ಲ." "ಹೋದ ವರ್ಷದ ಕಾಯಿಯ ಬೀಜವನ್ನೇ ಹಾಕಿದೆ, ಈ ವರ್ಷ ಬೇರೆ ಥರದ ಕಾಯಿ ಬಂತು." "ಅಜ್ಜಿ ಮಾಡುತ್ತಿದ್ದ ಗಾರಿಗೆಯ ರುಚಿ ಬರುತ್ತಿಲ್ಲ, ಕಾಯಿ ಸಪ್ಪಗಿದೆ." (ಗಾರಿಗೆ ಅಂದರೆ ಕುಂಬಳ, ಬೆಲ್ಲ, ಗೋಧಿ ಹಿಟ್ಟಿನ ಸಿಹಿ ಪೂರಿ.) ಮೂರೂ ಪ್ರಶ್ನೆಗಳಿಗೆ ಒಂದೊಂದು ಸಾಲಿನಲ್ಲಿ ಉತ್ತರ ಕೊಟ್ಟರೆ ಉಪಯೋಗವಿಲ್ಲ, ಯಾಕೆಂದರೆ ತಪ್ಪು ಆಗಿರುವುದು ಸಾಮಾನ್ಯವಾಗಿ ಎರಡು ತಿಂಗಳು ಹಿಂದೆ. ಅದಕ್ಕೇ ಮೊದಲಿಂದ ಕೊನೆಯವರೆಗೆ ಇಲ್ಲಿ ಬರೆದಿದ್ದೇನೆ.

ನಾನು ಇರುವುದು ವಿಜಯಪುರದಲ್ಲಿ. ತಿಂಗಳು, ಮಳೆ, ಮಣ್ಣು ಎಲ್ಲ ನಮ್ಮ ಕಡೆಯ ಲೆಕ್ಕದಲ್ಲಿವೆ. ಬಾಗಲಕೋಟೆಗೂ, ಅಥಣಿ, ರಾಯಬಾಗ, ಗೋಕಾಕ ಕಡೆಗೂ ಇದೇ ನಡೆಯುತ್ತದೆ. ಬೆಳಗಾವಿ ಪಟ್ಟಣ ಮತ್ತು ಖಾನಾಪುರದ ಕಡೆ ಮಳೆ ಜಾಸ್ತಿ, ಅವರು ನೀರು ನಿಲ್ಲದ ಹಾಗೆ ಇನ್ನಷ್ಟು ಎಚ್ಚರ ವಹಿಸಬೇಕು.

ಮೊದಲು ಯಾವ ಕುಂಬಳ ಅಂತ ಗೊತ್ತಿರಲಿ

ಇಲ್ಲಿ ಹೇಳುತ್ತಿರುವುದು ಸಿಹಿಗುಂಬಳದ ಬಗ್ಗೆ. ಒಳಗೆ ಕೇಸರಿ ಬಣ್ಣ, ಪಲ್ಯ, ಸಾಂಬಾರು, ಗಾರಿಗೆಗೆ ಬರುವಂಥದ್ದು. ದೃಷ್ಟಿಗೆ ಕಟ್ಟುವ ಬೂದಗುಂಬಳ ಬೇರೆಯೇ ಗಿಡ. "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ" ಅನ್ನುವ ಗಾದೆ ಬೂದಗುಂಬಳದ್ದು, ಹೆಗಲಿಗೆ ಬೂದಿ ಹತ್ತುವುದು ಅದರದ್ದೇ. ಬೂದಗುಂಬಳ ಏಷ್ಯಾದ ಕಾಯಿ. ಸಿಹಿಗುಂಬಳದ ತವರು ಅಮೆರಿಕ ಖಂಡ, ಮೆಣಸಿನಕಾಯಿ, ಶೇಂಗಾದ ಹಾಗೆ, ಕೊಲಂಬಸ್ ಅಲ್ಲಿಗೆ ಹೋದ 1492ರ ನಂತರವೇ ಅದು ಈ ಕಡೆ ಬಂತು. ಬಂದ ಮೇಲೆ ಒಂದೊಂದು ಊರಿನ ಹಿತ್ತಲಲ್ಲಿ ಒಂದೊಂದು ಆಕಾರ ಪಡೆಯಿತು. ಹೊಲಕ್ಕೆ ಹೊಂದಿಕೊಂಡು, ಮನೆಯವರೇ ಬೀಜ ಹಿಡಿದು ಉಳಿಸಿಕೊಂಡು ಬಂದ ತಳಿಯನ್ನೇ ನಾವು ಜವಾರಿ ಅನ್ನುವುದು.

ಸಿಹಿಗುಂಬಳದಲ್ಲೂ ಒಳಜಾತಿಗಳಿವೆ. ಇದು ಬೀಜ ಹಿಡಿಯುವಾಗ ಬೇಕಾಗುತ್ತದೆ, ಆದ್ದರಿಂದ ಈಗಲೇ ನೋಡಿಟ್ಟುಕೊಳ್ಳಿ. ತೊಟ್ಟು ನೋಡಿದರೆ ಸಾಕು. ತೊಟ್ಟು ಗಟ್ಟಿಯಾಗಿ, ಐದು ಮೂಲೆಯಾಗಿ, ಕಾಯಿಗೆ ಸೇರುವಲ್ಲಿ ಹೂವಿನ ಹಾಗೆ ಅರಳಿಕೊಂಡಿದ್ದರೆ ಅದು ಮಾಸ್ಕೇಟಾ ಜಾತಿ. ನಮ್ಮ ಕಡೆಯ ಹಿತ್ತಲ ಕುಂಬಳ ಹೆಚ್ಚಿನದು ಇದೇ. ತೊಟ್ಟು ದುಂಡಗೆ, ದಪ್ಪಗೆ, ಬೆಂಡಿನ ಹಾಗೆ ಮೆತ್ತಗಿದ್ದರೆ ಮ್ಯಾಕ್ಸಿಮಾ ಜಾತಿ. ಈ ಬರಹದಲ್ಲಿ ಮಾಸ್ಕೇಟಾವನ್ನೇ ಮುಂದಿಟ್ಟುಕೊಂಡಿದ್ದೇನೆ.

ಹಂತ 1: ಬೀಜ ಹುಡುಕುವುದು

ಒಳ್ಳೆಯ ದಾರಿ ಒಂದೇ. ಹಳ್ಳಿಯಲ್ಲಿ ಇರುವ ನೆಂಟರನ್ನು ಕೇಳಿ. ಹತ್ತು ವರ್ಷದಿಂದ ಅದೇ ಬೀಜ ಹಾಕುತ್ತಿರುವ ಯಾರಾದರೂ ಅವ್ವ, ಅತ್ತಿ ಇದ್ದೇ ಇರುತ್ತಾರೆ, ಕೇಳಿದರೆ ಒಂದು ಹಿಡಿ ಕೊಡದೆ ಕಳಿಸುವುದಿಲ್ಲ. ಅವರನ್ನು ಮೂರು ವಿಷಯ ಕೇಳಿಕೊಂಡು ಬನ್ನಿ: ಕಾಯಿ ಎಷ್ಟು ದೊಡ್ಡದಾಗುತ್ತದೆ, ಎಷ್ಟು ತಿಂಗಳು ಇಡಲು ಬರುತ್ತದೆ, ಅವರು ಅದರಿಂದ ಏನು ಮಾಡುತ್ತಾರೆ. ಮೂರನೆಯ ಪ್ರಶ್ನೆಯನ್ನು ಮರೆಯಬೇಡಿ. ಪಲ್ಯಕ್ಕೆ ಒಗ್ಗುವ ನೀರು ಕುಂಬಳ ಬೇರೆ, ಗಾರಿಗೆಗೆ ಬೇಕಾದ ಗಟ್ಟಿ ಹಿಟ್ಟು ಹಿಟ್ಟಾದ ಕುಂಬಳ ಬೇರೆ.

ನೆಂಟರು ಸಿಗದಿದ್ದರೆ ಸಂತೆಯಲ್ಲಿ ಹೋಳು ಮಾಡಿ ಮಾರುವವರ ಹತ್ತಿರ ಒಂದು ಹೋಳು ತಂದು ಬೇಯಿಸಿ ತಿಂದು ನೋಡಿ. ರುಚಿ ಹಿಡಿಸಿದರೆ ಬೀಜ ಎತ್ತಿಡಿ. ಆದರೆ ಆ ಕಾಯಿ ಹೈಬ್ರಿಡ್ ಆಗಿದ್ದರೆ, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ತೆಗೆದ ಬೀಜದ್ದಾಗಿದ್ದರೆ, ಅದರ ಮಕ್ಕಳು ತಾಯಿಯ ಹಾಗೆ ಇರುವುದಿಲ್ಲ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕ ಚಂದನ್ ತಳಿಯನ್ನು ಕೆಲವರು ಹೈಬ್ರಿಡ್ ಅಂದುಕೊಂಡಿದ್ದಾರೆ. ಅದು ಹೈಬ್ರಿಡ್ ಅಲ್ಲ, ಅದರ ಬೀಜ ಹಿಡಿಯಬಹುದು. 2-3 ಕಿಲೋದ ಕಾಯಿ, ಸಣ್ಣ ಮನೆಗೆ ಚೆನ್ನ. ಜವಾರಿ ಏನೂ ಸಿಗದ ವರ್ಷ ಅದರಿಂದ ಶುರು ಮಾಡಿ. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ ಅಥವಾ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಬೀಜ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ.

ಹಂತ 2: ಜಾಗ ಮತ್ತು ಗುಂಡಿ

ಕುಂಬಳಕ್ಕೆ ದಿನಕ್ಕೆ ಕನಿಷ್ಠ 6 ತಾಸು ಬಿಸಿಲು ಬೇಕು. ಬಳ್ಳಿ 10-15 ಅಡಿ ಆರಾಮಾಗಿ ಓಡುತ್ತದೆ. ಜಾಗ ಕಡಿಮೆ ಅಂದರೆ ಕಾಂಪೌಂಡ್ ಮೇಲೆ, ದನದ ಕೊಟ್ಟಿಗೆಯ ತಗಡಿನ ಮೇಲೆ, ತಿಪ್ಪೆಯ ಪಕ್ಕ ಹರಿಸಿ. ತಗಡಿನ ಮೇಲೆ ಹರಿಸುವವರು ಕಣಿಕೆ (ಜೋಳದ ಒಣ ದಂಟು) ಅಥವಾ ಹಳೆ ಗೋಣಿಚೀಲ ಹಾಸಿ, ಇಲ್ಲದಿದ್ದರೆ ಕಾದ ತಗಡು ಎಳೆ ಕಾಯಿಯನ್ನು ಸುಡುತ್ತದೆ.

ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ತೋಡಿ. ಎರಡು ಗುಂಡಿಗಳ ನಡುವೆ 6ರಿಂದ 8 ಅಡಿ ಬಿಡಿ. ಗುಂಡಿಗೆ 8-10 ಕಿಲೋ ಕಳಿತ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ, ಉಳಿದದ್ದು ತೆಗೆದ ಮಣ್ಣೇ. ಇದನ್ನು ಬೀಜ ಹಾಕುವುದಕ್ಕೆ 10-15 ದಿನ ಮೊದಲೇ ಮಾಡಿ ಒಂದೆರಡು ಮಳೆ ತಿನ್ನಲು ಬಿಡಿ.

ಎರೆ ಮಣ್ಣಿನವರು ಇದನ್ನು ಗಮನವಿಟ್ಟು ಓದಿ. ಡೋಣಿ ಹೊಳೆಯ ದಂಡೆಯ ಮಣ್ಣಿನಂಥ ಕಪ್ಪು ಎರೆಯಲ್ಲಿ ಗುಂಡಿ ತೋಡಿದರೆ ಅದು ಮಳೆ ಬಂದಾಗ ಹಂಡೆಯ ಹಾಗೆ ನೀರು ಹಿಡಿದುಕೊಂಡು ಕೂಡುತ್ತದೆ, ಬೇರು ಕೊಳೆಯುತ್ತದೆ, ಮೇಲೆ ನೋಡಿದರೆ ಎಲೆ ಬಾಡಿರುತ್ತದೆ, ನಾವು ನೀರು ಕಡಿಮೆಯಾಯಿತು ಅಂದುಕೊಂಡು ಇನ್ನೂ ನೀರು ಹಾಕುತ್ತೇವೆ. ಆದ್ದರಿಂದ ಗುಂಡಿ ತುಂಬುವಾಗ ನೆಲಮಟ್ಟಕ್ಕಿಂತ ಮುಕ್ಕಾಲು ಅಡಿ ಎತ್ತರಕ್ಕೆ ದಿಬ್ಬ ಮಾಡಿ, ಬೀಜವನ್ನು ದಿಬ್ಬದ ಮೇಲೆ ಹಾಕಿ. ಮಸಾರಿ (ಕೆಂಪು) ಮಣ್ಣಿನವರಿಗೆ ಈ ತೊಂದರೆ ಇಲ್ಲ, ಅವರು ಗೊಬ್ಬರ ಒಂದು ಬುಟ್ಟಿ ಜಾಸ್ತಿ ಹಾಕಲಿ.

ಮಾಳಿಗೆ ಮೇಲೆ ಬೆಳೆಯಬಹುದೇ? ಬೆಳೆಯಬಹುದು, ಆದರೆ ಸಣ್ಣ ಕುಂಡದಲ್ಲಿ ಅಲ್ಲ. ಅರ್ಧಕ್ಕೆ ಕತ್ತರಿಸಿದ 200 ಲೀಟರಿನ ಡ್ರಮ್ಮಿನಷ್ಟು ಜಾಗ ಒಂದು ಬಳ್ಳಿಗೆ ಬೇಕು, ಒಂದೆರಡು ಕಾಯಿಗಿಂತ ಹೆಚ್ಚು ಆಸೆ ಇಡಬೇಡಿ.

ಹಂತ 3: ಊರುವ ಹೊತ್ತು

ಮಿರಗದ ಕೊನೆಯಿಂದ ಆರಿದ್ರಾ ಮಳೆ ಮುಗಿಯುವವರೆಗೆ, ಅಂದರೆ ಜೂನ್ 15ರಿಂದ ಜುಲೈ 5ರವರೆಗೆ. ಆಗ ಹಾಕಿದರೆ ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಕಾಯಿ ಬಲಿಯುತ್ತದೆ. ನೀರಾವರಿ ಇರುವವರು ಜನವರಿಯಲ್ಲೂ ಹಾಕುತ್ತಾರೆ. ಆದರೆ ಮೊದಲ ಸಲ ಬೆಳೆಯುವವರಿಗೆ ನಾನು ಅದನ್ನು ಹೇಳುವುದಿಲ್ಲ. ನಮ್ಮ ಮಾರ್ಚ್-ಏಪ್ರಿಲ್ ಬಿಸಿಲಿಗೆ ಬಳ್ಳಿ ಬರೀ ಗಂಡು ಹೂವು ಬಿಡುತ್ತದೆ, ಬಂದ ಹೆಣ್ಣು ಹೂವೂ ಉದುರುತ್ತವೆ.

ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಹಾಕಿ. ಗುಂಡಿಗೆ ನಾಲ್ಕು ಬೀಜ, ಒಂದು ಅಂಗುಲ ಆಳ, ಮಲಗಿಸಿ ಊರಿ. 5ರಿಂದ 8 ದಿನಕ್ಕೆ ಮೊಳಕೆ ಬರುತ್ತದೆ. ಮೂರು ನಾಲ್ಕು ಎಲೆಯಾದ ಮೇಲೆ ಗಟ್ಟಿಯಾದ ಎರಡನ್ನು ಬಿಟ್ಟು ಉಳಿದದ್ದನ್ನು ಕತ್ತರಿಯಿಂದ ಕತ್ತರಿಸಿ. ಕೀಳಬೇಡಿ, ಪಕ್ಕದ ಗಿಡದ ಬೇರು ಅಲುಗುತ್ತದೆ. ಮನೆಗೆ ಎರಡು ಗುಂಡಿ, ನಾಲ್ಕು ಬಳ್ಳಿ ಸಾಕೇ ಸಾಕು.

ಹಂತ 4: ಬಳ್ಳಿ ಬೆಳೆಸುವುದು

ಮಳೆ ಕೈಕೊಟ್ಟರೆ 3-4 ದಿನಕ್ಕೊಮ್ಮೆ ಬುಡಕ್ಕೆ ನೀರು ಕೊಡಿ. ಬೆಳಿಗ್ಗೆ ಕೊಡಿ, ಎಲೆ ಮೇಲೆ ಸುರಿಯಬೇಡಿ. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿ ಬೇಡ, ದೊಡ್ಡ ಎಲೆ ಬಿಸಿಲಿಗೆ ಹಾಗೇ ಬಾಡಿ ಸಂಜೆಗೆ ಏಳುತ್ತದೆ. ಬೆಳಿಗ್ಗೆಯೂ ಬಾಡಿದ್ದರೆ ಮಾತ್ರ ಬುಡ ಕೆದಕಿ ನೋಡಿ.

ಬುಡದ ಸುತ್ತ ಕಬ್ಬಿನ ರವದಿ (ಒಣ ಎಲೆ), ಜೋಳದ ಕಣಿಕೆ, ತೊಗರಿ ಹೊಟ್ಟು, ಏನು ಸಿಗುತ್ತದೋ ಅದನ್ನು ನಾಲ್ಕು ಬೆರಳು ದಪ್ಪ ಹಾಸಿ. ಎರೆ ಮಣ್ಣು ಬಿರುಕು ಬಿಟ್ಟಾಗ ಬೇರು ಹರಿಯುತ್ತದಲ್ಲ, ಅದು ಇದರಿಂದ ತಪ್ಪುತ್ತದೆ.

ಬಳ್ಳಿ 6 ಅಡಿ ಆದಾಗ ಮುಖ್ಯ ಕುಡಿಯನ್ನು ಚಿವುಟಿ. ಪಕ್ಕದ ಕವಲುಗಳು ಹೊರಡುತ್ತವೆ, ಹೆಣ್ಣು ಹೂವು ಹೆಚ್ಚಾಗಿ ಬರುವುದು ಆ ಕವಲುಗಳ ಮೇಲೆ. ಚಿವುಟಿದ ಕುಡಿ ಎಸೆಯಬೇಡಿ, ಪಲ್ಯಕ್ಕೆ ಬರುತ್ತದೆ. ಈ ಹೊತ್ತಿಗೆ ಯೂರಿಯಾ ಹಾಕುವವರಿದ್ದಾರೆ. ಬಳ್ಳಿ ಕಪ್ಪು ಹಸಿರಾಗಿ ಹಬ್ಬುತ್ತದೆ, ನೋಡಲು ಚೆಂದ, ಕಾಯಿ ಮಾತ್ರ ಇರುವುದಿಲ್ಲ. ಗೊಬ್ಬರ ಬೇಕೆನಿಸಿದರೆ ಹೂವು ಶುರುವಾದಾಗ ಗುಂಡಿಗೆ ಇನ್ನೊಂದು ಬುಟ್ಟಿ ತಿಪ್ಪೆಗೊಬ್ಬರ ಕೊಡಿ, ಅಷ್ಟೇ.

ಹಂತ 5: ಹೂವು, ಇಲ್ಲೇ ಎಲ್ಲರೂ ಸೋಲುವುದು

ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ, ಎರಡೂ ಒಂದೇ ಬಳ್ಳಿಯಲ್ಲಿ ಇರುತ್ತವೆ. ಗಂಡು ಹೂವು ಉದ್ದ ಸಪೂರ ತೊಟ್ಟಿನ ಮೇಲೆ ನಿಂತಿರುತ್ತದೆ. ಹೆಣ್ಣು ಹೂವಿನ ಬುಡದಲ್ಲಿ ಹೂವು ಅರಳುವ ಮೊದಲೇ ಪುಟ್ಟ ಕುಂಬಳದ ಆಕಾರದ ಗಂಟು ಇರುತ್ತದೆ.

ಬೀಜ ಹಾಕಿ 40-45 ದಿನಕ್ಕೆ ಗಂಡು ಹೂವು ಬರುತ್ತವೆ. ಮೊದಲ ಹತ್ತು ಹದಿನೈದು ದಿನ ಗಂಡು ಹೂವೇ ಬಂದು ಉದುರುತ್ತವೆ. ಅದು ರೋಗ ಅಲ್ಲ, ಔಷಧಿ ಹೊಡೆಯಬೇಡಿ. ಆಮೇಲೆ ಹೆಣ್ಣು ಹೂವು ಬರುತ್ತವೆ. ಅವು ಬಂದೂ ಹಳದಿಯಾಗಿ ಉದುರುತ್ತಿದ್ದರೆ ಪರಾಗ ಮುಟ್ಟಿಲ್ಲ ಅಂತ ಅರ್ಥ. ಪರಾಗ ಅಂದರೆ ಗಂಡು ಹೂವಿನ ಒಳಗಿನ ಹಳದಿ ಪುಡಿ. ಅದನ್ನು ಒಯ್ಯುವುದು ಜೇನುನೊಣ. ಪಟ್ಟಣದ ಮನೆಗಳ ನಡುವೆ ಜೇನು ಕಡಿಮೆ, ಅಕ್ಕಪಕ್ಕದ ಹೊಲದಲ್ಲಿ ಔಷಧಿ ಹೊಡೆದರೆ ಇನ್ನೂ ಕಡಿಮೆ. ಆಗ ಆ ಕೆಲಸ ನಾವು ಮಾಡಬೇಕು, ಐದು ನಿಮಿಷದ ಕೆಲಸ.

ಹೂವು ಅರಳುವುದು ಬೆಳಕು ಹರಿಯುವ ಹೊತ್ತಿಗೆ, ಬಿಸಿಲೇರುತ್ತಿದ್ದಂತೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ 6ರಿಂದ 8 ಗಂಟೆ ಒಳಗೆ ಮುಗಿಸಿ. ಆಗಷ್ಟೇ ಅರಳಿದ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತು, ದಳಗಳನ್ನು ಹರಿದು ತೆಗೆಯಿರಿ. ನಡುವಿನ ಕಡ್ಡಿಯ ಮೇಲಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿನ ಗಂಟಿನ ಎಲ್ಲ ಮಗ್ಗುಲಿಗೂ ಮೆಲ್ಲಗೆ ಒರೆಸಿ. ಒಂದೇ ಮಗ್ಗುಲಿಗೆ ಒರೆಸಿದರೆ ಕಾಯಿ ಸೊಟ್ಟಗೆ ಬೆಳೆಯಬಹುದು. ಒಂದು ಹೆಣ್ಣು ಹೂವಿಗೆ ಎರಡು ಗಂಡು ಹೂವು ಬಳಸಿ. ಮೂರು ನಾಲ್ಕು ದಿನದಲ್ಲಿ ಗಂಟು ದಪ್ಪಗಾದರೆ ಹಿಡಿಯಿತು.

ಬಳ್ಳಿಗೆ ಎರಡು ಮೂರು ಕಾಯಿ ನಿಂತ ಮೇಲೆ ಸಾಕು. ಹೆಚ್ಚು ಬಿಟ್ಟರೆ ಎಲ್ಲವೂ ಸಣ್ಣಗೆ, ಸಪ್ಪಗೆ ಬರುತ್ತವೆ. ಆಮೇಲಿನ ಗಂಡು ಹೂವುಗಳನ್ನು ಕಿತ್ತು ಕಡ್ಲಿಹಿಟ್ಟಿನಲ್ಲಿ ಅದ್ದಿ ಭಜಿ ಮಾಡಿ.

ಬೀಜಕ್ಕಾಗಿ ಒಂದು ಕಾಯಿಯನ್ನು ಬೇರೆ ಇಡಿ

"ಹೋದ ವರ್ಷದ ಬೀಜ, ಈ ವರ್ಷ ಬೇರೆ ಕಾಯಿ" ಅನ್ನುವವರಿಗೆ ಉತ್ತರ ಇಲ್ಲಿದೆ. ಜೇನುನೊಣ ಸುಮಾರು ಒಂದು ಕಿಲೋಮೀಟರ್ ದೂರದ ಬೇರೆ ಕುಂಬಳದ ಪರಾಗವನ್ನೂ ತಂದು ನಿಮ್ಮ ಹೂವಿಗೆ ಹಚ್ಚಬಹುದು. ಆಗ ಈ ವರ್ಷದ ಕಾಯಿಗೆ ಏನೂ ಆಗುವುದಿಲ್ಲ, ಅದರ ರುಚಿ, ಬಣ್ಣ ತಾಯಿ ಬಳ್ಳಿಯದ್ದೇ. ಬೆರಕೆ ಆಗುವುದು ಒಳಗಿನ ಬೀಜ. ಅದನ್ನು ಮುಂದಿನ ವರ್ಷ ಹಾಕಿದಾಗ ಬೆರಕೆ ಹೊರಗೆ ಕಾಣುತ್ತದೆ. ಪಕ್ಕದ ಮನೆಯ ಸೋರೆ, ಹೀರೆ, ಸೌತೆ, ಬೂದಗುಂಬಳದ ಜೊತೆ ಇದು ಬೆರೆಯುವುದಿಲ್ಲ, ಅದರ ಚಿಂತೆ ಬಿಡಿ. ಅದೇ ಜಾತಿಯ ಇನ್ನೊಂದು ಸಿಹಿಗುಂಬಳದ ಜೊತೆ ಮಾತ್ರ.

ತಡೆಯುವುದು ಹೀಗೆ. ನಾಳೆ ಅರಳುವ ಮೊಗ್ಗು ಇವತ್ತು ಸಂಜೆಯೇ ಗೊತ್ತಾಗುತ್ತದೆ, ಅದರ ತುದಿ ಹಳದಿಗೆ ತಿರುಗಿರುತ್ತದೆ. ಅಂಥ ಒಂದು ಹೆಣ್ಣು ಮೊಗ್ಗು, ಎರಡು ಗಂಡು ಮೊಗ್ಗಿನ ತುದಿಗೆ ದಾರ ಸುತ್ತಿ ಅಥವಾ ಬಟ್ಟೆಗೆ ಹಾಕುವ ಕ್ಲಿಪ್ ಹಾಕಿ. ರಾತ್ರಿ ಕಳೆದು ಬೆಳಿಗ್ಗೆ ಬಿಚ್ಚಿ, ಮೇಲೆ ಹೇಳಿದ ಹಾಗೆ ಪರಾಗ ಮುಟ್ಟಿಸಿ, ಹೆಣ್ಣು ಹೂವನ್ನು ತಕ್ಷಣ ಮತ್ತೆ ಕಟ್ಟಿ. ತೊಟ್ಟಿಗೆ ಕೆಂಪು ದಾರ ಗುರುತು ಹಾಕಿ, ದಾರ ಸಡಿಲವಾಗಿರಲಿ. ಗಂಡು ಹೂವನ್ನು ಅದೇ ಬೀಜದ ಇನ್ನೊಂದು ಬಳ್ಳಿಯಿಂದ ತಂದರೆ ಇನ್ನೂ ಒಳ್ಳೆಯದು. ಹೀಗೆ ಮಾಡಿದ ಒಂದೇ ಒಂದು ಕಾಯಿ ನಿಮಗೂ ನಿಮ್ಮ ಓಣಿಗೂ ಬೇಕಾಗುವಷ್ಟು ಶುದ್ಧ ಬೀಜ ಕೊಡುತ್ತದೆ. ಹಳೆಯ ಹಳ್ಳಿಯಲ್ಲಿ ಊರಿಗೆಲ್ಲ ಒಂದೇ ತಳಿ ಇದ್ದುದರಿಂದ ಯಾರೂ ಇದನ್ನು ಮಾಡಬೇಕಾಗಿರಲಿಲ್ಲ. ಈಗ ಮಾಡದೆ ಬೇರೆ ದಾರಿ ಇಲ್ಲ. ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಹಂತ 6: ಹುಳ ಮತ್ತು ರೋಗ

ಎಳೆ ಗಿಡಕ್ಕೆ ಕೆಂಪು ದುಂಬಿ ಬರುತ್ತದೆ, ಎಲೆಯನ್ನು ತೂತು ತೂತು ಮಾಡುತ್ತದೆ. ಬೆಳಗಿನ ತಂಪಿಗೆ ಅದು ಮಂಕಾಗಿರುತ್ತದೆ, ಆಗ ಆರಿಸಿ ಸೋಪಿನ ನೀರಿಗೆ ಹಾಕಿ. ನಾಲ್ಕೈದು ಎಲೆ ಬರುವವರೆಗೆ ಹಳೆ ಸೊಳ್ಳೆ ಪರದೆಯ ತುಂಡು ಮುಚ್ಚಿದರೆ ಇನ್ನೂ ಚಿಂತೆಯಿಲ್ಲ. ಒಲೆ ಬೂದಿ ಉದುರಿಸುವುದೂ ಸ್ವಲ್ಪ ತಡೆಯುತ್ತದೆ, ಮಳೆ ಬಂದರೆ ಮತ್ತೆ ಉದುರಿಸಬೇಕು.

ಜಾಸ್ತಿ ಕಾಟ ಹಣ್ಣುನೊಣದ್ದು. ನಿಂಬೆಕಾಯಿ ಗಾತ್ರದ ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಒಳಗೆ ಹುಳ ಬಿದ್ದು ಕಾಯಿ ಕೊಳೆಯುತ್ತದೆ. ಪರಾಗ ಮುಟ್ಟಿಸಿ ಎರಡು ದಿನಕ್ಕೆ ಕಾಯಿಗೆ ತೆಳು ಬಟ್ಟೆಯ ಚೀಲ ಅಥವಾ ಹಾಳೆ ಸುತ್ತಿ, ಸಿಪ್ಪೆ ಗಟ್ಟಿಯಾಗುವವರೆಗೆ, ಸುಮಾರು ಎರಡು ಮೂರು ವಾರ ಇರಲಿ. ಕ್ಯೂ ಲ್ಯೂರ್ ಬಲೆ ಗೊಬ್ಬರದ ಅಂಗಡಿಯಲ್ಲಿ ಸಿಗುತ್ತದೆ. ಅದು ವಾಸನೆಯಿಂದ ಗಂಡು ನೊಣವನ್ನು ಸೆಳೆದು ಹಿಡಿಯುತ್ತದೆ. ಅದೊಂದನ್ನೇ ನಂಬಬೇಡಿ, ಮೊಟ್ಟೆ ಇಡುವುದು ಹೆಣ್ಣು ನೊಣ. ಉದುರಿದ ಕಾಯಿಯನ್ನು ತಿಪ್ಪೆಗೆ ಎಸೆಯುವುದು ದೊಡ್ಡ ತಪ್ಪು, ಹುಳ ಮಣ್ಣಿಗಿಳಿದು ಮತ್ತೆ ನೊಣವಾಗಿ ಬರುತ್ತದೆ. ಗಟ್ಟಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಡಿ ಅಥವಾ ಒಂದೂವರೆ ಅಡಿ ಆಳದಲ್ಲಿ ಹೂಳಿ.

ಬೂದಿ ರೋಗದ ಬಗ್ಗೆ ಒಂದು ಮಾತು. ಎಲೆ ಮೇಲೆ ಬಿಳಿ ಮಚ್ಚೆ ಕಂಡ ಕೂಡಲೇ ಫೋಟೋ ಕಳಿಸಿ ಔಷಧಿ ಕೇಳುತ್ತಾರೆ. ಮಾಸ್ಕೇಟಾ ಕುಂಬಳದ ಎಲೆಯಲ್ಲಿ ನರಗಳ ನಡುವೆ ಬೆಳ್ಳಿ ಬಣ್ಣದ ಮಚ್ಚೆ ಹುಟ್ಟಿನಿಂದಲೇ ಇರುತ್ತದೆ, ಅದು ಆ ಜಾತಿಯ ಗುರುತು. ಬೆರಳಿಂದ ಉಜ್ಜಿ ನೋಡಿ. ಹಿಟ್ಟಿನಂತೆ ಬೆರಳಿಗೆ ಹತ್ತಿದರೆ ಮಾತ್ರ ರೋಗ. ಆಗ ಕೆಳಗಿನ ಹಳೆ ಎಲೆ ತೆಗೆದು, ಒಂದು ಲೋಟ ಹಾಲಿಗೆ ಒಂಬತ್ತು ಲೋಟ ನೀರು ಬೆರೆಸಿ ಬಿಸಿಲಿರುವ ಬೆಳಿಗ್ಗೆ ವಾರಕ್ಕೊಮ್ಮೆ ಸಿಂಪಡಿಸಿ. ಗಂಧಕ ಹೊಡೆಯುವವರು ಎಚ್ಚರ, ಸೆಕೆ ಜಾಸ್ತಿ ಇರುವಾಗ ಕುಂಬಳದ ಎಲೆಯನ್ನು ಅದು ಸುಡುತ್ತದೆ. ಎಲೆ ಮುದುಡಿ, ಹಸಿರು-ಹಳದಿ ಚುಕ್ಕೆಯಾಗಿ ಬಳ್ಳಿ ಗಿಡ್ಡಾದರೆ ಅದು ಮೊಸಾಯಿಕ್ ವೈರಸ್, ಔಷಧಿ ಇಲ್ಲ. ಆ ಬಳ್ಳಿಯನ್ನು ಕಿತ್ತುಬಿಡಿ, ಮನಸ್ಸಿಗೆ ಕಷ್ಟವಾದರೂ ಉಳಿದ ಬಳ್ಳಿಗಾಗಿ ಕೀಳಿ.

ಹಂತ 7: ಕೊಯ್ಲು, ಆಮೇಲೆ ಕಾಯುವುದು

ಸಪ್ಪೆ ಕಾಯಿಯ ಕಾರಣ ಹತ್ತರಲ್ಲಿ ಎಂಟು ಸಲ ಅವಸರ. ಸಂತೆಗೆ ತರುವವರು ಹಸಿರಿರುವಾಗಲೇ ಕೀಳಬಹುದು, ನಮಗೆ ಆ ಅವಸರ ಇಲ್ಲವಲ್ಲ. ಪರಾಗ ಮುಟ್ಟಿಸಿದ ದಿನದಿಂದ 50 ದಿನ ಕಳೆಯಲಿ. ತೊಟ್ಟು ಒಣಗಿ ಕಟ್ಟಿಗೆಯಂತಾಗಬೇಕು. ಹಸಿರು ಸಿಪ್ಪೆ ಕಂದು ಅಥವಾ ಮಣ್ಣಿನ ಬಣ್ಣಕ್ಕೆ ತಿರುಗಬೇಕು. ಉಗುರು ಒತ್ತಿದರೆ ಇಳಿಯಬಾರದು. ಮೂರೂ ಆದ ಮೇಲೆ ಕೊಯ್ಯಿರಿ. ಕೊನೆಯ ಹತ್ತು ದಿನ ನೀರು ನಿಲ್ಲಿಸಿ, ನೆಲಕ್ಕೆ ತಾಗಿದ ಕಾಯಿಯ ಕೆಳಗೆ ಮೊದಲೇ ಕಣಿಕೆ ಹಾಸಿರಿ.

ತೊಟ್ಟನ್ನು 3-4 ಅಂಗುಲ ಬಿಟ್ಟು ಕತ್ತರಿಸಿ. ತೊಟ್ಟು ಹಿಡಿದು ಎತ್ತಬೇಡಿ, ಮುರಿದರೆ ಆ ಗಾಯದಿಂದಲೇ ಕೊಳೆ ಒಳಗಿಳಿಯುತ್ತದೆ. ಕೊಯ್ದ ಕಾಯಿಯನ್ನು 10-15 ದಿನ ಗಾಳಿಯಾಡುವ ಬೆಚ್ಚಗಿನ ಪಡಸಾಲೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಡಿ. ಇದಕ್ಕೆ ಹದ ಮಾಡುವುದು ಅನ್ನೋಣ. ಸಿಪ್ಪೆ ಗಟ್ಟಿಯಾಗುತ್ತದೆ, ಸಣ್ಣ ಗಾಯ ಮಾಯುತ್ತದೆ. ಆಮೇಲೆ ತಂಪಾದ ಒಣ ಕೋಣೆಯಲ್ಲಿ ಹಲಗೆ ಅಥವಾ ಸಿಂಬಿಯ ಮೇಲಿಟ್ಟರೆ ನಾಲ್ಕು ತಿಂಗಳು, ಕೆಲವು ತಳಿ ಆರು ತಿಂಗಳೂ ಇರುತ್ತವೆ. ಇಡಿ ಕಾಯಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ, 10 ಡಿಗ್ರಿಗಿಂತ ಕೆಳಗಿನ ಚಳಿ ಅದಕ್ಕೆ ಆಗದು. ಹೀಗೆ ಇಟ್ಟಾಗ ಒಳಗಿನ ಹಿಟ್ಟಿನ ಅಂಶ ಮೆಲ್ಲಗೆ ಸಕ್ಕರೆಯಾಗುತ್ತದೆ. ನವೆಂಬರಿನಲ್ಲಿ ಕೊಯ್ದ ಕಾಯಿಯನ್ನು ಕೊಯ್ದ ದಿನವೇ ಕತ್ತರಿಸಿದರೆ ಒಂದು ರುಚಿ, ಡಿಸೆಂಬರ್-ಜನವರಿಯ ಎಳ್ಳ ಅಮಾವಾಸ್ಯೆಯವರೆಗೆ ಕಾದರೆ ಬೇರೆಯೇ ರುಚಿ.

ಹಂತ 8: ಬೀಜ ತೆಗೆಯುವುದು

ಕೆಂಪು ದಾರದ ಕಾಯಿಯನ್ನು ಕೊಯ್ದ ಮೇಲೆ ಕನಿಷ್ಠ ಒಂದು ತಿಂಗಳು ಇಡಿ, ಬೀಜ ಒಳಗೇ ಇನ್ನೂ ಬಲಿಯುತ್ತದೆ. ಆಮೇಲೆ ಕತ್ತರಿಸಿ, ಬೀಜ ತೆಗೆದು ನೀರಲ್ಲಿ ಉಜ್ಜಿ ತೊಳೆಯಿರಿ. ಜೊಳ್ಳು ತೆಗೆದುಹಾಕಿ. ತಟ್ಟೆಯಲ್ಲಿ ಹರಡಿ ನೆರಳಲ್ಲಿ ಎರಡು ವಾರ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಳ್ಳುತ್ತದೆ, ಉರಿ ಬಿಸಿಲಿಗೆ ಇಟ್ಟರೆ ಸಾಯುತ್ತದೆ. ಬಗ್ಗಿಸಿದಾಗ ಪಟ್ಟನೆ ಮುರಿದರೆ ಒಣಗಿದೆ, ಬಾಗಿದರೆ ಇನ್ನೂ ಹಸಿ. ಹಿಂದೆ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ತಟ್ಟಿ ಇಡುತ್ತಿದ್ದರು. ಈಗ ಗಾಜಿನ ಬಾಟಲಿಗೆ ಒಂದು ಹಿಡಿ ಒಣ ಬೂದಿ ಹಾಕಿ, ಯಾವ ಊರಿನ ಬೀಜ, ಯಾವ ವರ್ಷ ಅಂತ ಚೀಟಿ ಹಚ್ಚಿ ಇಡಿ. ನಾಲ್ಕೈದು ವರ್ಷ ಮೊಳೆಯುತ್ತದೆ. ಅರ್ಧ ಬೀಜವನ್ನು ಇನ್ನೊಬ್ಬರ ಮನೆಯಲ್ಲಿ ಇಡಿ. ನನ್ನ ಒಂದು ತಳಿ ಇಲಿಯ ಪಾಲಾಗಿ ಮತ್ತೆ ಸಿಕ್ಕಿದ್ದು ಅಕ್ಕನ ಮನೆಯ ಡಬ್ಬಿಯಿಂದ.

ಇನ್ನು ಒಲೆಯ ಮುಂದೆ

ಕತ್ತರಿಸುವ ಮೊದಲ ಮಾತು: ಚೂರು ಹಸಿ ತಿರುಳನ್ನು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಇಡೀ ಕಾಯಿ ಬಿಸಾಡಿ. ಕುಕುರ್ಬಿಟಾಸಿನ್ ಅನ್ನುವ ವಿಷದ ಅಂಶ ಅದು, ಬೇಯಿಸಿದರೂ ಹೋಗುವುದಿಲ್ಲ, ಬೆಲ್ಲ ಹಾಕಿ ಮುಚ್ಚಲು ಹೋಗಬೇಡಿ. ಕಹಿ ಸೋರೆಕಾಯಿ ರಸ ಕುಡಿದು ಸತ್ತವರೂ ಇದ್ದಾರೆ. ಕಹಿ ಕಾಯಿಯ ಬೀಜವನ್ನೂ ಇಡಬೇಡಿ.

ನಮ್ಮ ಕಡೆ ಬಹಳ ಮನೆಗಳಲ್ಲಿ ಇಡಿ ಕುಂಬಳವನ್ನು ಮೊದಲು ಗಂಡಸರೇ ಒಡೆಯುವ ರೂಢಿ. ಯಾರೇ ಒಡೆಯಲಿ, ಬಲಿತ ಕಾಯಿಯಲ್ಲಿ ಚಾಕು ಜಾರುತ್ತದೆ. ಕೆಳಗೆ ಒದ್ದೆ ಬಟ್ಟೆ ಹಾಸಿ, ತೊಟ್ಟಿನ ಪಕ್ಕದಿಂದ ಶುರು ಮಾಡಿ, ದೊಡ್ಡ ಈಳಿಗೆ ಇದ್ದರೆ ಅದೇ ಒಳ್ಳೆಯದು.

ಸಜ್ಜಿ ರೊಟ್ಟಿಗೆ ಪಲ್ಯ. ಅರ್ಧ ಕಿಲೋ ಕುಂಬಳವನ್ನು ದೊಡ್ಡ ಹೋಳು ಮಾಡಿ. ಸಿಪ್ಪೆ ತೀರ ಗಟ್ಟಿಯಿಲ್ಲದಿದ್ದರೆ ಇರಲಿ, ಹೋಳು ಒಡೆಯುವುದಿಲ್ಲ. ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು, ಜಜ್ಜಿದ ನಾಲ್ಕೈದು ಎಸಳು ಬಳ್ಳೊಳ್ಳಿ, ಅರಿಷಿಣ. ಹೋಳು, ಉಪ್ಪು ಹಾಕಿ ಕೈಯಾಡಿಸಿ. ನೀರು ಒಳಗೆ ಹಾಕಬೇಡಿ. ಮೇಲೆ ತಾಟು ಮುಚ್ಚಿ ಆ ತಾಟಿನಲ್ಲಿ ನೀರು ಹಾಕಿ, ಸಣ್ಣ ಉರಿಯಲ್ಲಿ 10 ನಿಮಿಷ ಬಿಡಿ. ತನ್ನ ನೀರಲ್ಲೇ ಬೇಯುತ್ತದೆ. ಒಂದು ಚಮಚ ಮಸಾಲಿ ಖಾರ, ಸ್ವಲ್ಪ ಹುಣಸೆ ರಸ, ಚೂರು ಬೆಲ್ಲ, ಕೊನೆಗೆ ಎರಡು ಚಮಚ ಗುರೆಳ್ಳ ಹಿಂಡಿ, ಅಂದರೆ ಚಟ್ನಿಪುಡಿ. ಗುರೆಳ್ಳು ಇಲ್ಲದಿದ್ದರೆ ಶೇಂಗಾ ಹಿಂಡಿ, ಆದರೆ ಗುರೆಳ್ಳಿನ ರುಚಿಯೇ ಬೇರೆ. ಹಿಂಡಿ ಹಾಕಿದ ಮೇಲೆ ಎರಡೇ ನಿಮಿಷ, ಆಮೇಲೆ ಇಳಿಸಿ.

ಗಾರಿಗೆ. ಇದಕ್ಕೆ ಕನಿಷ್ಠ ಒಂದು ತಿಂಗಳು ಇಟ್ಟ ಕಾಯಿಯೇ ಬೇಕು. ಸಿಪ್ಪೆ ತೆಗೆದು ತುರಿದ ಕುಂಬಳ ಎರಡು ಬಟ್ಟಲು, ಪುಡಿ ಮಾಡಿದ ಬೆಲ್ಲ ಒಂದು ಬಟ್ಟಲು. ಒಂದು ಚಮಚ ತುಪ್ಪದಲ್ಲಿ ತುರಿಯನ್ನು ಹಸಿ ವಾಸನೆ ಹೋಗಿ ಮೆತ್ತಗಾಗುವವರೆಗೆ ಬಾಡಿಸಿ, ಬೆಲ್ಲ ಹಾಕಿ, ಕರಗಿ ಒಂದು ಕುದಿ ಬಂದ ಮೇಲೆ ಇಳಿಸಿ. ಬೆಚ್ಚಗಾದಾಗ ಏಲಕ್ಕಿ, ಚಿಟಿಕೆ ಉಪ್ಪು, ಎರಡು ಚಮಚ ಸಣ್ಣ ರವೆ ಹಾಕಿ, ಹಿಡಿಯುವಷ್ಟು ಗೋಧಿ ಹಿಟ್ಟು ಸ್ವಲ್ಪ ಸ್ವಲ್ಪವೇ ಸೇರಿಸಿ ಪೂರಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಸುಮಾರು ಎರಡು, ಎರಡೂವರೆ ಬಟ್ಟಲು ಹಿಡಿಯುತ್ತದೆ, ಕಾಯಿಯ ನೀರಿನ ಮೇಲೆ ಹೋಗುತ್ತದೆ, ಅದಕ್ಕೇ ಅಳತೆ ನಂಬದೆ ಕೈ ನಂಬಿ. ನೀರನ್ನು ಒಂದು ಹನಿಯೂ ಸೇರಿಸಬೇಡಿ. ಅರ್ಧ ತಾಸು ಮುಚ್ಚಿಡಿ.

ಎಣ್ಣೆ ಸವರಿದ ಹಾಳೆಯ ಮೇಲೆ ಕೈಯಿಂದ ತಟ್ಟಿ, ಪೂರಿಗಿಂತ ದಪ್ಪ ಇರಲಿ. ಮೇಲೆ ಗಸಗಸೆ ಒತ್ತಿ. ಎಣ್ಣೆ ಮಧ್ಯಮ ಉರಿಯಲ್ಲಿ ಕಾಯಬೇಕು. ಹೊಗೆಯಾಡುವ ಎಣ್ಣೆಗೆ ಹಾಕಿದರೆ ಬೆಲ್ಲ ಕರಕಾಗಿ ಹೊರಗೆ ಕಪ್ಪು, ಒಳಗೆ ಹಸಿ. ಎಣ್ಣೆಯಲ್ಲಿ ಗಾರಿಗೆ ಬಿರಿದು ಚೂರಾಗುತ್ತಿದ್ದರೆ ಬೆಲ್ಲ ಜಾಸ್ತಿಯಾಗಿದೆ, ಉಳಿದ ಹಿಟ್ಟಿಗೆ ಎರಡು ಹಿಡಿ ಗೋಧಿ ಹಿಟ್ಟು ಸೇರಿಸಿ ನಾದಿ. ಗಟ್ಟಿಯಾಗಿ ರೊಟ್ಟಿಯ ಹಾಗೆ ಬಂದರೆ ತಟ್ಟಿದ್ದು ತೆಳುವಾಗಿದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ, ಬಿಸಿ ಇರುವಾಗ ಮುಚ್ಚಿದರೆ ಬೆವರಿ ಬೂಸ್ಟು ಹಿಡಿಯುತ್ತದೆ. ಚಳಿಗಾಲದಲ್ಲಿ ಮೂರು ನಾಲ್ಕು ದಿನ ಇರುತ್ತವೆ, ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಬುತ್ತಿಗೆ ಹಿಂದಿನ ದಿನ ಸಂಜೆಯೇ ಕರಿದಿಡಬಹುದು.

ಉಳಿದ ಅರ್ಧ ಕಾಯಿಯ ಬೀಜ, ಎಳೆ ಎಲ್ಲ ಕೆರೆದು ತೆಗೆದು, ಬಟ್ಟೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ದಿನ ಬರುತ್ತದೆ. ಎಳೆ ಹಾಗೇ ಬಿಟ್ಟರೆ ಎರಡೇ ದಿನಕ್ಕೆ ಅಲ್ಲಿಂದಲೇ ಲೋಳೆಯಾಗುತ್ತದೆ. ಬಿತ್ತಲು ಬೇಡದ ಬೀಜವನ್ನು ತೊಳೆದು ಒಣಗಿಸಿ, ಚೂರು ಉಪ್ಪುನೀರು ಚಿಮುಕಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಹುರಿಯಿರಿ. ಪಟ ಪಟ ಸಿಡಿಯಲು ಶುರುವಾದಾಗ ತಾಟು ಮುಚ್ಚಿ.